ಹಲ್ಲು ಎಣಿಸಿ ಗುರುತು ಹಿಡಿಯುವುದು

ದನದ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದವನು ಮೊದಲು ಅದರ ಬಾಯಿ ಬಿಡಿಸುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ನೋಡಿಕೊಂಡ ಮೇಲೆಯೇ ಬೆಲೆಯ ಮಾತು. ಕೊಂಬಿಗೆ ಬಳಿದ ಬಣ್ಣವನ್ನಾಗಲಿ, ಕೊರಳಿಗೆ ಕಟ್ಟಿದ ಗೆಜ್ಜೆಯನ್ನಾಗಲಿ, ಮಾರುವವನ ಬಾಯಿಮಾತನ್ನಾಗಲಿ ಅವನು ನಂಬುವುದಿಲ್ಲ. ಹಳೆಯ ಮಿಲಿಟರಿ ಗಾಡಿಯ ಗುರುತು ಹಿಡಿಯುವವನೂ ಹಾಗೆಯೇ ಮಾಡಬೇಕು. ಬಾನೆಟ್ಟಿನ ಮೇಲಿನ ಬಿಳಿ ನಕ್ಷತ್ರವನ್ನು ಯಾರು ಬೇಕಾದರೂ ಬರೆಯಬಹುದು. ಡ್ಯಾಶ್‌ಬೋರ್ಡಿಗೆ ಹೊಡೆದ ತಗಡಿನ ಪಟ್ಟಿಯನ್ನು ಕಿತ್ತು ಬೇರೆ ಗಾಡಿಗೆ ಹೊಡೆಯಬಹುದು. ಎಂಬತ್ತು ವರ್ಷ ಓಡಿದ ಗಾಡಿಯಲ್ಲಿ ಎಂಜಿನ್ ಒಂದು ಊರಿನದು, ಗೇರ್‌ಬಾಕ್ಸ್ ಇನ್ನೊಂದು ಊರಿನದು, ಹಿಂದಿನ ಆಕ್ಸಲ್ ಮತ್ತೆಲ್ಲಿಯದೋ ಆಗಿರುತ್ತದೆ. ತಾನು ಯಾರೆಂದು ಹೇಳಬಲ್ಲದ್ದು ಆ ಕಬ್ಬಿಣವೊಂದೇ.

ನಾನಿದನ್ನು ಕಲಿತದ್ದು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ, ಜೀಪಿನ ಅಡಿಯಲ್ಲಿ ಗೋಣಿತಾಟು ಹಾಸಿಕೊಂಡು ಮಲಗಿದ ಒಂದು ಮಧ್ಯಾಹ್ನ. ಎರಡನೇ ಮಹಾಯುದ್ಧ ಮುಗಿದ ಮೇಲೆ ಡಿಸ್ಪೋಸಲ್ ಮಾಲಾಗಿ ಬಂದದ್ದು ಎಂದು ಮನೆಯವರು ಹೇಳುತ್ತಿದ್ದ ವಿಲ್ಲಿಸ್ ಜೀಪು ಅದು. ಅದಕ್ಕೊಂದು ವಿಚಿತ್ರ ಕಾಯಿಲೆ. ಮಳೆಗಾಲದ ಕೆಸರಿನಲ್ಲಿ ಫೋರ್ ವೀಲ್ ಹಾಕಿದರೆ ಆನೆಯಂತೆ ಏರುತ್ತಿತ್ತು. ಅದೇ ಜೀಪನ್ನು ಬೇಸಿಗೆಯಲ್ಲಿ ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ಫೋರ್ ವೀಲ್‌ನಲ್ಲಿ ಹತ್ತು ಮಾರು ಓಡಿಸಿದರೆ ಬ್ರೇಕ್ ಹಿಡಿದಂತೆ ಮುಕ್ಕರಿಯುತ್ತಿತ್ತು, ಟೈರು ಕಿರುಚುತ್ತಿತ್ತು, ಎಷ್ಟು ಎಳೆದರೂ ಲಿವರ್ ವಾಪಸ್ ಬರುತ್ತಿರಲಿಲ್ಲ. ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಎರಡು ಸಲ ಬಿಚ್ಚಿ ಕಟ್ಟಿಯಾಗಿತ್ತು. ಅದರಲ್ಲಿ ದೋಷವೇ ಇರಲಿಲ್ಲ.

ಮೂರನೆಯ ಸಲ ಬಂದ ಮೇಸ್ತ್ರಿ ವಯಸ್ಸಾದವರು. ಸ್ಪ್ಯಾನರ್ ಮುಟ್ಟುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬಂದು ನಾಲ್ಕೂ ಚಕ್ರದ ನಡುಭಾಗವನ್ನು ಕೈಯಿಂದ ಒರೆಸಿ ನೋಡಿದರು. ಆಮೇಲೆ ಸೀಮೆಸುಣ್ಣ ಕೇಳಿದರು. ಮುಂದಿನ ಬಲ ಚಕ್ರಕ್ಕೆ ಜಾಕ್ ಕೊಟ್ಟು ನೆಲದಿಂದ ನಾಲ್ಕು ಬೆರಳು ಎತ್ತಿದರು. ಉಳಿದ ಮೂರು ಚಕ್ರಕ್ಕೆ ಕಲ್ಲು ಕೊಟ್ಟರು. ಗೇರು ನ್ಯೂಟ್ರಲ್, ಟ್ರಾನ್ಸ್‌ಫರ್ ಕೇಸೂ ನ್ಯೂಟ್ರಲ್. ಟೈರಿನ ಮೇಲೊಂದು ಗೆರೆ, ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಮೇಲೊಂದು ಗೆರೆ.

“ಸಾರ್, ನೀವು ಅಡೀಗೆ ಹೋಗಿ ಶಾಫ್ಟಿನ ಗೆರೆ ನೋಡ್ತಾ ಇರಿ. ನಾನು ಚಕ್ರ ಎರಡು ಸುತ್ತು ತಿರುಗಿಸ್ತೀನಿ. ಎಷ್ಟಾಯ್ತು ಅಂತ ಹೇಳಿ.”

ಶಾಫ್ಟು ಐದು ಸುತ್ತಿಗೆ ಒಂದಿಷ್ಟು ಕಡಿಮೆ ತಿರುಗಿ ನಿಂತಿತು. ಹಿಂದಿನ ಆಕ್ಸಲ್‌ಗೂ ಅದೇ ಪೂಜೆ. ಅಲ್ಲಿ ಐದು ಸುತ್ತು ದಾಟಿ, ಕಾಲು ಸುತ್ತನ್ನೂ ದಾಟಿ, ಅರ್ಧಕ್ಕೆ ಸ್ವಲ್ಪ ಮೊದಲು ಗೆರೆ ನಿಂತಿತು. ಎರಡಕ್ಕೂ ಅರ್ಧ ಸುತ್ತಿನ ವ್ಯತ್ಯಾಸ. ಮೇಸ್ತ್ರಿ ಕೈ ಒರೆಸಿಕೊಂಡು “ಗೇರ್‌ಬಾಕ್ಸಿಗೆ ಏನೂ ಆಗಿಲ್ಲ ಸಾರ್. ಮುಂದಿನದು ಮಿಲಿಟರಿದು, ಹಿಂದಿನದು ಸಿವಿಲ್‌ದು” ಎಂದರು.

ಆ ಒಂದು ಮಾತಿನಲ್ಲಿ ಎಷ್ಟು ತುಂಬಿದೆಯೆಂದು ನನಗೆ ಅರ್ಥವಾಗಲು ಕೆಲವು ದಿನ ಬೇಕಾಯಿತು.

ಎರಡು ಸುತ್ತು ಯಾಕೆ, ಒಂದೇ ಸುತ್ತು ಯಾಕಲ್ಲ ಎಂಬಲ್ಲಿಂದಲೇ ಆರಂಭಿಸೋಣ. ಆಕ್ಸಲ್‌ನ ಹೊಟ್ಟೆಯಲ್ಲಿ ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಓಡಬೇಕಲ್ಲ, ಅದಕ್ಕೆ ಅವಕಾಶ ಕೊಡುವ ಗೇರುಗಳ ಗುಂಪು ಅದು. ಅದರ ನಿಯಮ ಸರಳ: ಎರಡೂ ಚಕ್ರಗಳ ಸುತ್ತನ್ನು ಕೂಡಿ ಎರಡರಿಂದ ಭಾಗಿಸಿದರೆ, ಶಾಫ್ಟಿನಿಂದ ತಿರುಗುವ ದೊಡ್ಡ ಗೇರಾದ ಕ್ರೌನ್ ವೀಲಿನ ಸುತ್ತು. ನೆಲದ ಮೇಲಿರುವ ಚಕ್ರದ್ದು ಸೊನ್ನೆ, ಎತ್ತಿದ ಚಕ್ರದ್ದು ಎರಡು. ಕೂಡಿ ಭಾಗಿಸಿದರೆ ಒಂದು. ಅಂದರೆ ಎತ್ತಿದ ಚಕ್ರವನ್ನು ಎರಡು ಸಲ ತಿರುಗಿಸಿದರೆ ಕ್ರೌನ್ ವೀಲು ಸರಿಯಾಗಿ ಒಂದು ಸಲ ತಿರುಗುತ್ತದೆ. ಆಗ ಶಾಫ್ಟು ಎಷ್ಟು ಸಲ ತಿರುಗಿತೋ ಅದೇ ಆ ಆಕ್ಸಲ್‌ನ ಅನುಪಾತ. ಎರಡೂ ಚಕ್ರ ಎತ್ತಿದರೆ ಈ ಲೆಕ್ಕ ಕೆಡುತ್ತದೆ. ಒಂದನ್ನು ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಹಿಂದಕ್ಕೆ ತಿರುಗಿ ಶಾಫ್ಟು ಅಲ್ಲಾಡದೆಯೇ ಉಳಿಯಬಹುದು.

ಯುದ್ಧಕಾಲದ ಜೀಪಿನ ಕ್ರೌನ್ ವೀಲಿಗೆ 39 ಹಲ್ಲು, ಅದನ್ನು ತಿರುಗಿಸುವ ಪಿನಿಯನ್‌ಗೆ 8 ಹಲ್ಲು. 39ನ್ನು 8ರಿಂದ ಭಾಗಿಸಿದರೆ 4.875, ಪುಸ್ತಕಗಳಲ್ಲಿ 4.88 ಎಂದು ಬರೆಯುತ್ತಾರೆ. 1945ರಲ್ಲಿ ವಿಲ್ಲಿಸ್ ಕಂಪನಿ ರೈತರನ್ನು ಮನಸ್ಸಿನಲ್ಲಿಟ್ಟುಕೊಂಡು ಸಿಜೆ-2ಎ ಎಂಬ ನಾಗರಿಕ ಜೀಪನ್ನು ಹೊರತಂದಾಗ ಕ್ರೌನ್ ವೀಲಿಗೆ 43 ಹಲ್ಲು ಕೊಟ್ಟಿತು, ಪಿನಿಯನ್‌ಗೆ ಅದೇ 8. ಅನುಪಾತ 5.375, ಪುಸ್ತಕದ ಲೆಕ್ಕದಲ್ಲಿ 5.38. ನೇಗಿಲು ಎಳೆಯುವ ಗಾಡಿಗೆ ವೇಗಕ್ಕಿಂತ ಎಳೆತ ಮುಖ್ಯ. ಮಹೀಂದ್ರಾದವರು 1947ರಿಂದ ಭಾರತದಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪುಗಳು ಈ ನಾಗರಿಕ ವಂಶದವು. ನಮ್ಮ ಮಲೆನಾಡಿನ ತೋಟಗಳಲ್ಲಿ ಡಿಸ್ಪೋಸಲ್ ಜೀಪಿಗೆ ಹಿಂದಿನ ಆಕ್ಸಲ್ ಮುರಿದಾಗ ಕೈಗೆ ಸಿಕ್ಕದ್ದು ಯಾವುದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಬೋಲ್ಟುಗಳು ಸರಿಯಾಗಿ ಕೂತವು, ಗಾಡಿ ಓಡಿತು. ಒಳಗಿನ ಹಲ್ಲನ್ನು ಯಾರೂ ಎಣಿಸಲಿಲ್ಲ.

ಈಗ ಆ ಕಾಯಿಲೆಯನ್ನು ನೋಡಿ. ಫೋರ್ ವೀಲ್ ಹಾಕಿದ ಕೂಡಲೇ ಜೀಪಿನ ಟ್ರಾನ್ಸ್‌ಫರ್ ಕೇಸು ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಒಂದಕ್ಕೊಂದು ಬಿಗಿದುಬಿಡುತ್ತದೆ. ಎರಡಕ್ಕೂ ಒಂದೇ ವೇಗ, ನಡುವೆ ಯಾವ ಸಡಿಲಿಕೆಯೂ ಇಲ್ಲ. ಆದರೆ 4.88ರ ಮುಂದಿನ ಚಕ್ರ, 5.38ರ ಹಿಂದಿನ ಚಕ್ರಕ್ಕಿಂತ ಪ್ರತಿ ಸುತ್ತಿಗೂ ಶೇಕಡ 10ರಷ್ಟು ಹೆಚ್ಚು ತಿರುಗಲು ಹೊರಡುತ್ತದೆ. ಹಿಂದಿನ ಚಕ್ರ 100 ಮೀಟರ್ ಓಡುವಷ್ಟರಲ್ಲಿ ಮುಂದಿನದಕ್ಕೆ 110 ಮೀಟರ್ ಓಡಬೇಕು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಒಂದರ ಹೆಜ್ಜೆ ಉದ್ದ, ಇನ್ನೊಂದರದ್ದು ಗಿಡ್ಡ. ಕೆಸರಿನಲ್ಲಿ ಟೈರು ಜಾರಿ ಆ 10 ಮೀಟರನ್ನು ನುಂಗಿಬಿಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸಿಮೆಂಟ್ ಕಣದಲ್ಲಿ ಟೈರು ಜಾರುವುದಿಲ್ಲ. ಆಗ ಆ ವ್ಯತ್ಯಾಸವೆಲ್ಲ ಶಾಫ್ಟಿನಲ್ಲಿ, ಆಕ್ಸಲ್‌ನಲ್ಲಿ, ಗೇರಿನ ಹಲ್ಲುಗಳ ನಡುವೆ ತಿರುಚಾಗಿ ಕೂಡಿಕೊಳ್ಳುತ್ತದೆ. ಹಗ್ಗ ಹುರಿಗೊಂಡಂತೆ ಉಕ್ಕು ಹುರಿಗೊಳ್ಳುತ್ತದೆ. ಹಾಗೆ ಬಿಗಿದುಕೊಂಡ ಗೇರನ್ನು ಲಿವರಿನಿಂದ ಎಳೆದು ಬಿಡಿಸುವುದು ಮನುಷ್ಯನ ಕೈಗೆ ಆಗದ ಕೆಲಸ. ಲಿವರ್ ಬರದಿದ್ದುದಕ್ಕೆ ಕಾರಣ ಅದು. ಕಾಯಿಲೆ ಕಂಡದ್ದು ಗೇರ್‌ಬಾಕ್ಸಿನಲ್ಲಿ, ಅದರ ಬೇರು ಇದ್ದದ್ದು ಎರಡು ಮಾರು ಆಚೆ.

ಹಲ್ಲುಗಳ ಲೆಕ್ಕ 39 ಮತ್ತು 8, 43 ಮತ್ತು 8 ಎಂದು ಇಟ್ಟಿದ್ದಾರಲ್ಲ, ನೇರವಾಗಿ 40 ಮತ್ತು 8 ಎಂದು ಯಾಕೆ ಇಡಲಿಲ್ಲ? ಇದು ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಚೆಲುವಾಗಿ ಕಂಡ ಸಂಗತಿ. 40 ಮತ್ತು 8 ಆಗಿದ್ದರೆ ಪಿನಿಯನ್ನಿನ ಒಂದು ಹಲ್ಲು ತನ್ನ ಜೀವಮಾನವಿಡೀ ಕ್ರೌನ್ ವೀಲಿನ ಅದೇ ಐದು ಹಲ್ಲುಗಳನ್ನೇ ತಿಕ್ಕುತ್ತಿರುತ್ತಿತ್ತು. ಆ ಹಲ್ಲಿನಲ್ಲೊಂದು ಚಿಕ್ಕ ಉಬ್ಬಿದ್ದರೆ ಐದೂ ಸವೆದು ಹಳ್ಳ ಬೀಳುತ್ತಿದ್ದವು. 39ಕ್ಕೂ 8ಕ್ಕೂ 1ನ್ನು ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಆದ್ದರಿಂದ ಪಿನಿಯನ್ನು 39 ಸುತ್ತು ಬರುವಷ್ಟರಲ್ಲಿ ಅದರ ಪ್ರತಿಯೊಂದು ಹಲ್ಲೂ ಕ್ರೌನಿನ ಪ್ರತಿಯೊಂದು ಹಲ್ಲನ್ನೂ ಒಮ್ಮೆ ಭೇಟಿಯಾಗಿರುತ್ತದೆ. ಸವೆತ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. ಶಾಲೆಯಲ್ಲಿ ಮಸಾಅ ಕಂಡುಹಿಡಿಯುವ ಲೆಕ್ಕ ಮಾಡುವಾಗ ಅದು ಲಾರಿಯ ಹೊಟ್ಟೆಯೊಳಗೆ ಹೀಗೆ ದುಡಿಯುತ್ತಿದೆಯೆಂದು ಯಾರಾದರೂ ಹೇಳಿದ್ದರೆ ನಾನು ಇನ್ನಷ್ಟು ಮನಸ್ಸಿಟ್ಟು ಕಲಿಯುತ್ತಿದ್ದೆ.

ಇದರಿಂದಲೇ ಇನ್ನೊಂದು ಉಪಾಯವೂ ಸಿಗುತ್ತದೆ. ಎರಡು ಸುತ್ತಿನಲ್ಲಿ ‘ಐದಕ್ಕೆ ಸ್ವಲ್ಪ ಕಡಿಮೆ’ ಎಂಬುದು ಅಂದಾಜಿನ ಮಾತು. ಸಂಶಯವಿದ್ದರೆ ಎತ್ತಿದ ಚಕ್ರವನ್ನು 16 ಸುತ್ತು ತಿರುಗಿಸಿ. ಕ್ರೌನ್ ವೀಲು 8 ಸುತ್ತು ಬರುತ್ತದೆ, ಶಾಫ್ಟಿನ ಗೆರೆ ಸರಿಯಾಗಿ 39ಕ್ಕೋ 43ಕ್ಕೋ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಒಂದು ಬೋಲ್ಟು ಬಿಚ್ಚದೆ ಒಳಗಿನ ಹಲ್ಲು ಎಣಿಸಿದಂತಾಯಿತು.

ಮೇಸ್ತ್ರಿ ಆರಂಭದಲ್ಲೇ ಚಕ್ರದ ನಡುಭಾಗ ಒರೆಸಿ ನೋಡಿದ್ದರಲ್ಲ, ಅದಕ್ಕೂ ಅರ್ಥವಿತ್ತು. ಯಾವುದಾದರೂ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುವ ಬಸ್ಸಿನ ಹಿಂದಿನ ಚಕ್ರ ನೋಡಿ. ಚಕ್ರವನ್ನು ಹಿಡಿದಿರುವ ದೊಡ್ಡ ನಟ್ಟುಗಳ ಒಳಗೆ, ಹಬ್ಬಿನ ತುದಿಯಲ್ಲಿ, ಇನ್ನೊಂದು ಚಿಕ್ಕ ಬೋಲ್ಟುಗಳ ಬಳೆ ಇರುತ್ತದೆ. ಅದು ಆಕ್ಸಲ್ ಶಾಫ್ಟಿನ ತಲೆ. ಅಂಥ ಗಾಡಿಯಲ್ಲಿ ಭಾರವನ್ನೆಲ್ಲ ಹೊರಗಿನ ಹೌಸಿಂಗ್ ಹೊರುತ್ತದೆ, ಒಳಗಿನ ಶಾಫ್ಟಿಗೆ ತಿರುಗಿಸುವುದೊಂದೇ ಕೆಲಸ. ಶಾಫ್ಟು ಮುರಿದರೂ ಚಕ್ರ ಕಳಚಿ ಬೀಳುವುದಿಲ್ಲ. ಗಾಡಿ ನಿಂತಲ್ಲೇ ಬೋಲ್ಟು ಬಿಚ್ಚಿ ಶಾಫ್ಟನ್ನು ಕಬ್ಬಿನ ಜಲ್ಲೆಯಂತೆ ಹೊರಗೆಳೆಯಬಹುದು. ಇದಕ್ಕೆ ಫುಲ್ ಫ್ಲೋಟಿಂಗ್ ಎಂದು ಹೆಸರು. ಸೈನ್ಯದ ಜೀಪಿನ ಹಿಂದಿನ ಆಕ್ಸಲ್ ಈ ಜಾತಿಯದು, ಹಬ್ಬಿನ ತುದಿಯಲ್ಲಿ ಆರು ಬೋಲ್ಟುಗಳ ಬಳೆ ಕಾಣುತ್ತದೆ. ಮುಂದೆ ಬಂದ ನಾಗರಿಕ ಜೀಪುಗಳಲ್ಲಿ ಭಾರವನ್ನೂ ಶಾಫ್ಟೇ ಹೊರುವ ಅಗ್ಗದ ವ್ಯವಸ್ಥೆ ಮಾಡಿದರು. ಅಲ್ಲಿ ಬೋಲ್ಟುಗಳ ಬಳೆ ಇಲ್ಲ, ನಟ್ಟನಡುವೆ ಒಂದೇ ದೊಡ್ಡ ನಟ್ಟು, ಅದಕ್ಕೊಂದು ಸ್ಪ್ಲಿಟ್ ಪಿನ್ನು. ಮೇಸ್ತ್ರಿಗೆ ಹಿಂದಿನ ಚಕ್ರದಲ್ಲಿ ಕಂಡದ್ದು ಆ ಒಂಟಿ ನಟ್ಟು. ಸೀಮೆಸುಣ್ಣ ಕೇಳುವ ಹೊತ್ತಿಗೆ ಅವರಿಗೆ ಅರ್ಧ ಉತ್ತರ ಸಿಕ್ಕಿತ್ತು, ಎಣಿಕೆ ಅದಕ್ಕೆ ಎರಡನೆಯ ಸಾಕ್ಷಿ. ಎರಡನೆಯ ಸಾಕ್ಷಿ ಬೇಕೇ ಬೇಕು. ಹಳೆಯ ಹೌಸಿಂಗಿನೊಳಗೆ ಬೇರೆ ಕ್ರೌನ್-ಪಿನಿಯನ್ ಕೂರಿಸಿರುವವರೂ ಇದ್ದಾರೆ, ಬರೀ ಅನುಪಾತ ನೋಡಿ ಜಾತಿ ಹೇಳಿದರೆ ಮೋಸ ಹೋಗುತ್ತೇವೆ.

ಜೀಪಿನಿಂದ ಈಗ ಟ್ರಕ್ಕಿಗೆ ಹೋಗೋಣ. ಅಮೆರಿಕದ ಸೈನ್ಯ ಜೀಪನ್ನು ಕರೆದದ್ದೇ ಕಾಲು ಟನ್ನಿನ ಟ್ರಕ್ಕು ಎಂದು. ಅದರ ದೊಡ್ಡಣ್ಣ ಎರಡೂವರೆ ಟನ್ನಿನ ಜಿಎಂಸಿ ಸಿಸಿಕೆಡಬ್ಲ್ಯು. ಆರೂ ಚಕ್ರಸ್ಥಾನಗಳಿಗೆ ಶಕ್ತಿ ಹೋಗುವ, ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಲಾರಿ. 1944ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಫ್ರಾನ್ಸಿನಲ್ಲಿ ಮುನ್ನುಗ್ಗುತ್ತಿದ್ದ ಸೈನ್ಯಕ್ಕೆ ಪೆಟ್ರೋಲು, ಮದ್ದುಗುಂಡು, ಅನ್ನ ಮುಟ್ಟಿಸಿದ ರೆಡ್ ಬಾಲ್ ಎಕ್ಸ್‌ಪ್ರೆಸ್ ಎಂಬ ಲಾರಿಸಾಲಿನ ಬೆನ್ನೆಲುಬು ಇದು. ಆ ಲಾರಿಗಳ ಚಾಲಕರಲ್ಲಿ ಬಹುಪಾಲು ಜನ ಆಫ್ರಿಕನ್ ಅಮೆರಿಕನ್ನರು. ನಮ್ಮ ಅಸ್ಸಾಮಿನ ಲೇಡೋದಿಂದ ಬರ್ಮಾದ ಕಾಡು ಕಡಿದು ಮಾಡಿದ ರಸ್ತೆಯಲ್ಲೂ ಅಮೆರಿಕದ ಸೈನ್ಯದ ಲಾರಿಗಳು ಓಡಿದವು. 1945ರ ಜನವರಿ 12ರಂದು ಲೇಡೋ ಬಿಟ್ಟ ಮೊದಲ ವಾಹನಸಾಲು ಫೆಬ್ರವರಿ 4ರಂದು ಚೀನಾದ ಕುನ್ಮಿಂಗ್ ಮುಟ್ಟಿತು, ಸುಮಾರು 1,700 ಕಿಲೋಮೀಟರ್.

ಸಿಸಿಕೆಡಬ್ಲ್ಯು ಎಂಬ ಹೆಸರಿನ ಅಕ್ಷರಗಳೇ ಗುರುತಿನ ಮೊದಲ ಪಾಠ. ಮೊದಲ ‘ಸಿ’ ಎಂದರೆ 1941ರ ವಿನ್ಯಾಸ. ಎರಡನೆಯ ‘ಸಿ’ ಎಂದರೆ ಎಂಜಿನ್ ಮುಂದೆ, ಕ್ಯಾಬ್ ಹಿಂದೆ ಇರುವ ಸಾಂಪ್ರದಾಯಿಕ ರೂಪ. ‘ಕೆ’ ಇದ್ದರೆ ಮುಂದಿನ ಆಕ್ಸಲ್‌ಗೂ ಶಕ್ತಿ ಹೋಗುತ್ತದೆ. ‘ಡಬ್ಲ್ಯು’ ಎಂದರೆ ಹಿಂದಿನ ಜೋಡಿ ಆಕ್ಸಲ್‌ಗಳೆರಡಕ್ಕೂ. ನೀರಿನಲ್ಲೂ ತೇಲುವ ಡಿಯುಕೆಡಬ್ಲ್ಯು ಎಂಬ ಗಾಡಿಯ ಹೆಸರಿನ ಕೊನೆಯ ಎರಡಕ್ಷರಗಳ ಅರ್ಥವೂ ಇದೇ. ‘ಕೆ’ ಇಲ್ಲದ ಸಿಸಿಡಬ್ಲ್ಯು ಎಂಬ ಲಾರಿಯೂ ಇತ್ತು. ಆ ‘ಕೆ’ ಯಾಕೆ ಬಿದ್ದುಹೋಯಿತೆಂಬುದಕ್ಕೆ ಆಮೇಲೆ ಬರುತ್ತೇನೆ.

ಈ ಲಾರಿಯ ಎಂಜಿನ್ 4.4 ಲೀಟರಿನದು, ಕಾಗದದ ಮೇಲೆ 104 ಅಶ್ವಶಕ್ತಿ. ಇವತ್ತಿನ ಒಂದು ಸಾಧಾರಣ ಕಾರಿಗೂ ಅಷ್ಟಿರುತ್ತದೆ. ಅಷ್ಟರಲ್ಲೇ ಅದು ಸಾಮಾನು ತುಂಬಿದ ಲಾರಿಯನ್ನು ಬರ್ಮಾದ ಬೆಟ್ಟ ಹತ್ತಿಸಿತಲ್ಲ, ಹೇಗೆ? ವೇಗ ಕೊಟ್ಟು ಬಲ ಕೊಳ್ಳುವ ವ್ಯಾಪಾರದಿಂದ. ಗೇರ್‌ಬಾಕ್ಸಿನ ಮೊದಲ ಗೇರಿನಲ್ಲಿ ಎಂಜಿನ್ 6 ಸುತ್ತು ತಿರುಗಿದರೆ ಹೊರಗೆ 1 ಸುತ್ತು. ಅದು ಟ್ರಾನ್ಸ್‌ಫರ್ ಕೇಸಿನ ಲೋ ಗೇರಿಗೆ ಹೋಗುತ್ತದೆ, ಅಲ್ಲಿ 2.63ಕ್ಕೆ 1. ಕೊನೆಗೆ ಆಕ್ಸಲ್‌ನಲ್ಲಿ 6.6ಕ್ಕೆ 1. ಮೂರನ್ನೂ ಗುಣಿಸಿದರೆ ನೂರರ ಆಸುಪಾಸು. ಎಂಜಿನ್ ನಿಮಿಷಕ್ಕೆ 2,750 ಸುತ್ತು ಭೋರ್ಗರೆಯುವಾಗ ಚಕ್ರ ತಿರುಗುವುದು 26 ಸುತ್ತು ಮಾತ್ರ, ಲಾರಿ ಸಾಗುವುದು ಮನುಷ್ಯ ನಡೆಯುವ ವೇಗದಲ್ಲಿ. ಆದರೆ ಘರ್ಷಣೆಯಲ್ಲಿ ಹೋಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಎಂಜಿನ್ನಿನ ತಿರುಚುಬಲ ಸುಮಾರು ನೂರು ಪಟ್ಟಾಗಿ ಚಕ್ರ ಮುಟ್ಟುತ್ತದೆ. ಆದ್ದರಿಂದಲೇ ಎಂಜಿನ್ನಿನಿಂದ ಚಕ್ರದ ಕಡೆಗೆ ಹೋದಂತೆ ಭಾಗಗಳು ದಪ್ಪವಾಗುತ್ತಾ ಹೋಗುತ್ತವೆ. ಗುಜರಿಯಲ್ಲಿ ಬಿದ್ದ ಒಂದು ಶಾಫ್ಟು ಎಲ್ಲಿಯದೆಂದು ಕೇಳಿದರೆ ಅದರ ದಪ್ಪವೇ ಅರ್ಧ ಉತ್ತರ ಕೊಡುತ್ತದೆ.

ಸಿಸಿಕೆಡಬ್ಲ್ಯು ಲಾರಿಯನ್ನು ಹಿಂದಿನಿಂದ ಬಗ್ಗಿ ನೋಡಿದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಒಂದೇ ಮಾದರಿಯ ಲಾರಿಯಲ್ಲಿ ಎರಡು ಬೇರೆ ಬೇರೆ ಬಗೆಯ ಆಕ್ಸಲ್‌ಗಳು ಕಾಣುತ್ತವೆ. ಒಂದರ ಹೊಟ್ಟೆ ನಡುವೆ ಮೇಲಿಂದ ಕೆಳಗೆ ಸೀಳಿ ಮತ್ತೆ ಕೂಡಿಸಿದಂತಿರುತ್ತದೆ, ಕೂಡಿದ ಗೆರೆಯ ಸುತ್ತ ಬೋಲ್ಟುಗಳ ಸಾಲು. ತೆಂಗಿನಕಾಯಿಯ ಎರಡು ಹೋಳನ್ನು ಒಟ್ಟಿಗೆ ಹಿಡಿದಂತೆ. ಇದು ಟಿಮ್‌ಕೆನ್-ಡೆಟ್ರಾಯಿಟ್ ಕಂಪನಿಯ ಸ್ಪ್ಲಿಟ್ ಆಕ್ಸಲ್. ಇನ್ನೊಂದರ ಹೊಟ್ಟೆ ಅಖಂಡ ಬಳೆ, ಹಿಂದೆ ನುಣುಪಾದ ದುಂಡು ಮುಚ್ಚಳ. ಅದನ್ನು ಬ್ಯಾಂಜೊ ಎನ್ನುತ್ತಾರೆ. ನಮ್ಮ ಕಡೆ ಬ್ಯಾಂಜೊ ಎಂದರೆ ಗುಂಡಿ ಒತ್ತಿ ನುಡಿಸುವ ಉದ್ದ ಪೆಟ್ಟಿಗೆ ನೆನಪಾಗುತ್ತದೆ. ಇದು ಅದಲ್ಲ, ದುಂಡು ಚರ್ಮದ ಹೊಟ್ಟೆಗೆ ಉದ್ದ ಕತ್ತಿರುವ ಅಮೆರಿಕದ ತಂತಿವಾದ್ಯ. ಈ ಆಕ್ಸಲ್ ಲಾರಿ ಮಾಡಿದ ಜನರಲ್ ಮೋಟಾರ್ಸ್ ತಾನೇ ಮಾಡಿಕೊಂಡದ್ದು.

ಒಂದೇ ಲಾರಿಗೆ ಎರಡು ಆಕ್ಸಲ್ ಇಟ್ಟುಕೊಳ್ಳುವುದು ಯಾವ ಎಂಜಿನಿಯರಿಗೂ ಇಷ್ಟವಾಗುವ ಕೆಲಸವಲ್ಲ. ಬಿಡಿಭಾಗದ ಪಟ್ಟಿ ಎರಡಾಗುತ್ತದೆ, ಯುದ್ಧಭೂಮಿಯಲ್ಲಿ ತಪ್ಪು ಪೆಟ್ಟಿಗೆ ಬಂದರೆ ಲಾರಿ ನಿಂತಲ್ಲೇ ನಿಲ್ಲುತ್ತದೆ. ಆದರೆ ಟಿಮ್‌ಕೆನ್-ಡೆಟ್ರಾಯಿಟ್ ಅದೇ ಹೊತ್ತಿನಲ್ಲಿ ಸ್ಟುಡಿಬೇಕರ್ ಯುಎಸ್6ನಂಥ ಬೇರೆ ಲಾರಿಗಳಿಗೂ ಆಕ್ಸಲ್ ಕೊಡಬೇಕಿತ್ತು. ಆ ಸ್ಟುಡಿಬೇಕರ್‌ಗಳಲ್ಲಿ ಹೆಚ್ಚಿನವು ಸೋವಿಯತ್ ಒಕ್ಕೂಟಕ್ಕೆ ಹೋದವು, ಕತ್ಯೂಷಾ ರಾಕೆಟ್‌ಗಳನ್ನು ಬೆನ್ನ ಮೇಲೆ ಹೊತ್ತವು. ಒಂದು ಕಾರ್ಖಾನೆ ಎಷ್ಟೆಂದು ಮಾಡೀತು? ಎರಡನೆಯ ಮೂಲ ಬೇಕಾಯಿತು, ಬ್ಯಾಂಜೊ ಬಂತು. ಎರಡಕ್ಕೂ ಅನುಪಾತ ಮಾತ್ರ 6.6 ಎಂದೇ ಇಟ್ಟರು. ಇಲ್ಲಿ ಸೀಮೆಸುಣ್ಣದ ಎಣಿಕೆ ಎರಡನ್ನೂ ಬೇರೆ ಮಾಡಿ ತೋರಿಸಲಾರದು, ಆಕಾರವೇ ಸಾಕ್ಷಿ. ರಿಪೇರಿ ಮಾಡುವವನಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಬ್ಯಾಂಜೊದಲ್ಲಿ ಹೌಸಿಂಗ್ ಗಾಡಿಯಲ್ಲೇ ಇರುವಂತೆ ಕ್ರೌನ್-ಪಿನಿಯನ್ ಇರುವ ಗುಂಪನ್ನು ಮಾತ್ರ ಹೊರಗೆ ತೆಗೆಯಬಹುದು. ಸ್ಪ್ಲಿಟ್‌ನಲ್ಲಿ ಆಕ್ಸಲ್ಲನ್ನೇ ಇಳಿಸಿ ಹೋಳು ಮಾಡಬೇಕು. ನನ್ನನ್ನು ಕೇಳಿದರೆ ಬ್ಯಾಂಜೊವೇ ಮೇಲು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಬಿಚ್ಚಿದ ಆಕ್ಸಲ್‌ನೊಳಗೆ ಬೇರಿಂಗಿನ ಮೇಲೆ ‘ಟಿಮ್‌ಕೆನ್’ ಎಂಬ ಅಕ್ಷರ ಕಂಡ ಕೂಡಲೇ ಇದು ಟಿಮ್‌ಕೆನ್ ಆಕ್ಸಲ್ ಎಂದು ತೀರ್ಮಾನಿಸುವವರಿದ್ದಾರೆ. ಹೆನ್ರಿ ಟಿಮ್‌ಕೆನ್ 1898ರಲ್ಲಿ ಪೇಟೆಂಟ್ ಪಡೆದ ಶಂಕುವಿನಾಕಾರದ ರೋಲರ್ ಬೇರಿಂಗನ್ನು ಎಷ್ಟೋ ಕಂಪನಿಗಳು ತಮ್ಮ ಆಕ್ಸಲ್‌ಗಳಲ್ಲಿ ಹಾಕಿಕೊಂಡವು. ಬೇರಿಂಗಿನ ಕಂಪನಿ ಬೇರೆ, ಆಕ್ಸಲ್‌ನ ಕಂಪನಿ ಬೇರೆ.

ಇನ್ನು ಆ ಬಿದ್ದುಹೋದ ‘ಕೆ’ಯ ಕಥೆ. ಅದನ್ನು ತಿಳಿಯಲು ಶಾಫ್ಟಿನ ತುದಿಯ ಕ್ರಾಸನ್ನು ಹತ್ತಿರದಿಂದ ನೋಡಬೇಕು. ಲಾರಿ ಗ್ಯಾರೇಜಿನವರು ಕ್ರಾಸ್ ಎನ್ನುವ ಆ ಕೂಡುಗೆಗೆ ಹದಿನೇಳನೆಯ ಶತಮಾನದ ವಿಜ್ಞಾನಿ ರಾಬರ್ಟ್ ಹುಕ್ ಅವರ ಹೆಸರಿದೆ. ಓರೆಯಾಗಿ ಕೂಡಿದ ಎರಡು ಶಾಫ್ಟುಗಳನ್ನು ಒಟ್ಟಿಗೆ ತಿರುಗಿಸಲು ಅದು ಬೇಕು. ಆದರೆ ಅದಕ್ಕೊಂದು ದೋಷವಿದೆ. ಒಳಬರುವ ಶಾಫ್ಟು ಒಂದೇ ವೇಗದಲ್ಲಿ ತಿರುಗಿದರೂ ಹೊರಹೋಗುವುದು ಪ್ರತಿ ಸುತ್ತಿಗೆ ಎರಡು ಸಲ ಓಡುತ್ತದೆ, ಎರಡು ಸಲ ತಡೆಯುತ್ತದೆ. ಓರೆ 10 ಡಿಗ್ರಿ ಇದ್ದರೆ ಈ ಏರಿಳಿತ ಶೇಕಡ 1.5ರಷ್ಟು, ಸಹಿಸಬಹುದು. 30 ಡಿಗ್ರಿಗೆ ಹೋದರೆ ವೇಗ ಒಮ್ಮೆ ಶೇಕಡ 13 ಕುಗ್ಗಿ ಮತ್ತೊಮ್ಮೆ ಶೇಕಡ 15 ಏರುತ್ತದೆ.

ಪ್ರೊಪೆಲ್ಲರ್ ಶಾಫ್ಟಿನಲ್ಲಿ ಇದಕ್ಕೆ ಪರಿಹಾರ ಸುಲಭ. ಎರಡು ತುದಿಗೂ ಒಂದೊಂದು ಕ್ರಾಸ್ ಹಾಕಿ, ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ದಿಕ್ಕಿಗೆ ನಿಲ್ಲುವಂತೆ ಜೋಡಿಸಿದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಶಾಫ್ಟಿನ ನಡುವೆ ಉದ್ದ ಹಿಗ್ಗಿ ಕುಗ್ಗಲು ಒಂದು ಜಾರುವ ಕೂಡುಗೆ ಇರುತ್ತದೆ. ಗ್ರೀಸು, ಮಣ್ಣು ಕೆರೆದು ನೋಡಿದರೆ ಅದರ ಎರಡೂ ಭಾಗದಲ್ಲಿ ಒಂದೊಂದು ಬಾಣದ ಗುರುತು ಸಿಗುತ್ತದೆ. ಬಾಣಕ್ಕೆ ಬಾಣ ಕೂಡಿರಬೇಕು. ಯಾರೋ ಬಿಚ್ಚಿ ಒಂದು ಹಲ್ಲು ಆಚೀಚೆ ಸೇರಿಸಿದರೆ ಎರಡು ದೋಷಗಳು ಪೂರ್ತಿ ಅಳಿಯುವುದಿಲ್ಲ, ಪೂರಾ 90 ಡಿಗ್ರಿ ತಪ್ಪಿದರೆ ಕೂಡಿಕೊಂಡುಬಿಡುತ್ತವೆ. ಗಾಡಿ ನಡುಗುತ್ತದೆ. ಶಾಫ್ಟು ಬೆಂಡಾಗಿದೆ ಎಂದು ಲೇತಿಗೆ ಹೊತ್ತೊಯ್ಯುವ ಮೊದಲು ಆ ಬಾಣಗಳನ್ನು ನೋಡಿ.

ತಿರುವಿನಲ್ಲಿ ಎಡಬಲಕ್ಕೆ ಹೊರಳಬೇಕಾದ ಮುಂದಿನ ಚಕ್ರದಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಓರೆ ದೊಡ್ಡದು, ಎರಡನೆಯ ಕ್ರಾಸಿಗೆ ಜಾಗವಿಲ್ಲ. ಎಷ್ಟೇ ಓರೆಯಾದರೂ ವೇಗ ಬದಲಾಗದ ಕೂಡುಗೆ ಬೇಕು. 1920ರ ದಶಕದಲ್ಲಿ ಅದಕ್ಕೆ ಹಲವು ಉತ್ತರಗಳು ಬಂದವು. ಆಲ್ಫ್ರೆಡ್ ಝೆಪ್ಪಾ ಆರು ಉಕ್ಕಿನ ಗುಂಡುಗಳನ್ನು ಒಂದು ಪಂಜರದಲ್ಲಿ ಹಿಡಿದು, ಎರಡು ಶಾಫ್ಟುಗಳ ನಡುವಿನ ಕೋನದ ಸರಿ ಅರ್ಧದಲ್ಲಿ ಅವು ಯಾವಾಗಲೂ ನಿಲ್ಲುವಂತೆ ಮಾಡಿದರು. ಗುಂಡುಗಳು ಎರಡೂ ಕಡೆಗೆ ಸಮದೂರದಲ್ಲಿರುವುದರಿಂದ ಯಾವ ಕಡೆಗೂ ಪಕ್ಷಪಾತವಿಲ್ಲ. ಬೆಂಡಿಕ್ಸ್-ವೈಸ್ ಎಂಬುದರಲ್ಲಿ ಪಂಜರವಿಲ್ಲ, ನಾಲ್ಕು ಗುಂಡು, ನಡುವೆ ಇನ್ನೊಂದು. ಫ್ರಾನ್ಸಿನ ಗ್ರೆಗ್ವಾರ್ ಮತ್ತು ಫೆನಾಯ್ ಅವರ ಟ್ರಾಕ್ಟಾದಲ್ಲಿ ಗುಂಡುಗಳೇ ಇಲ್ಲ, ಒಂದರೊಳಗೊಂದು ಜಾರುವ ಎರಡು ತುಂಡುಗಳು. ಯುದ್ಧಕಾಲದ ಜೀಪುಗಳಲ್ಲಿ ಈ ಮೂರೂ ಬಳಕೆಯಾದವು. ಹೌಸಿಂಗಿನ ಆಕಾರ ನೋಡಿ ಒಳಗೆ ಯಾವುದಿದೆಯೆಂದು ಹೇಳಲಾಗದು, ಬಿಚ್ಚಿ ಗುಂಡು ಎಣಿಸಬೇಕು. ಇವತ್ತು ಮುಂದಿನ ಚಕ್ರದಿಂದ ಓಡುವ ಕಾರು ತಿರುವಿನಲ್ಲಿ ಟಕ್ ಟಕ್ ಎಂದರೆ ‘ಸಿವಿ ಜಾಯಿಂಟ್ ಹೋಗಿದೆ’ ಎನ್ನುತ್ತೇವಲ್ಲ, ಅದು ಹೆಚ್ಚಾಗಿ ಝೆಪ್ಪಾ ಅವರ ಆ ಆರು ಗುಂಡುಗಳ ಕೂಡುಗೆಯೇ.

ಗುಂಡು ಜಾರುವ ಆ ಬಾಗಿದ ಕಾಲುವೆಗಳನ್ನು ಗಟ್ಟಿ ಉಕ್ಕಿನಲ್ಲಿ ನಿಖರವಾಗಿ ಕೊರೆಯುವುದು ಸುಲಭದ ಕೆಲಸವಲ್ಲ. ಯುದ್ಧಕಾಲದಲ್ಲಿ ಈ ಕೂಡುಗೆಗಳಿಗೆ ತೀವ್ರ ಅಭಾವ ಬಂತು. ಮುಂದಿನ ಆಕ್ಸಲ್‌ಗೆ ಶಕ್ತಿಯಿಲ್ಲದ, ‘ಕೆ’ ಇಲ್ಲದ ಸಿಸಿಡಬ್ಲ್ಯು ಲಾರಿಗಳು ಹುಟ್ಟಲು ಇದೊಂದು ದೊಡ್ಡ ಕಾರಣ. ಹೆಸರಿನಲ್ಲಿ ಬಿಟ್ಟುಹೋದ ಒಂದಕ್ಷರದ ಹಿಂದೆ ಗೋಲಿಯಾಕಾರದ ಕೆಲವು ಉಕ್ಕಿನ ಗುಂಡುಗಳ ಕೊರತೆ ಇದೆ.

ಅಕ್ಷರಗಳ ಗುರುತೂ ಇಲ್ಲವೆಂದಲ್ಲ. ಜೀಪನ್ನು ವಿಲ್ಲಿಸ್ ಜೊತೆಗೆ ಫೋರ್ಡ್ ಕಂಪನಿಯೂ ಮಾಡಿತು. ಫೋರ್ಡ್ ತನ್ನ ಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ‘ಎಫ್’ ಅಕ್ಷರವನ್ನು ಒತ್ತಿತು. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿದಾಗ ಆ ಪುಟ್ಟ ಅಕ್ಷರ ಎದ್ದುಬರುವುದನ್ನು ನೋಡುವುದೇ ಒಂದು ಸಂತೋಷ. ಷೆವ್ರೊಲೆಯ ಎರಕದ ಭಾಗಗಳ ಮೇಲೆ ಒಂದು ಅಕ್ಷರ, ಆಮೇಲೆ ಅಂಕಿಗಳು ಇರುತ್ತವೆ. ಇಂಗ್ಲಿಷಿನ ‘ಎ’ ಜನವರಿ, ‘ಬಿ’ ಫೆಬ್ರವರಿ, ಹೀಗೆ ‘ಎಲ್’ ಡಿಸೆಂಬರ್. ಮುಂದಿನದು ತಾರೀಕು, ಕೊನೆಯ ಅಂಕಿ ವರ್ಷದ್ದು. ‘ಡಿ 12 3’ ಎಂದಿದ್ದರೆ ಏಪ್ರಿಲ್ 12, 1943. ಬರೀ 3 ಎಂದರೆ 1953 ಕೂಡ ಆಗಬಹುದು, ಅದನ್ನು ಬೇರೆ ಸಾಕ್ಷಿಯಿಂದ ತಿಳಿಯಬೇಕು. ಇನ್ನೊಂದು ಮಾತು: ಎರಕದ ಮೇಲೆ ಉಬ್ಬಾಗಿರುವ ದೊಡ್ಡ ಸಂಖ್ಯೆ ಬಿಡಿಭಾಗದ ಸಂಖ್ಯೆಯಲ್ಲ, ಅಚ್ಚಿನ ಸಂಖ್ಯೆ. ಒಂದೇ ಅಚ್ಚಿನಲ್ಲಿ ಎರೆದ ಎರಡು ಹೌಸಿಂಗ್‌ಗಳನ್ನು ಬೇರೆ ಬೇರೆಯಾಗಿ ಕೊರೆದು ಬೇರೆ ಬೇರೆ ಭಾಗ ಮಾಡಿರಬಹುದು. ಭಾಗದ ಸಂಖ್ಯೆ ಬೇಕೆಂದರೆ ಅಮೆರಿಕದ ಸೈನ್ಯದ ಬಿಡಿಭಾಗಗಳ ಪಟ್ಟಿಗಳನ್ನು ನೋಡಬೇಕು. ಜೀಪಿಗೆ ಜಿ-503, ಸಿಸಿಕೆಡಬ್ಲ್ಯುಗೆ ಜಿ-508. ಹಳೆಯ ಗಾಡಿ ಉಳಿಸುವವರು ಇಂದಿಗೂ ತಮ್ಮ ಗಾಡಿಯನ್ನು ಈ ಸಂಖ್ಯೆಗಳಿಂದಲೇ ಕರೆಯುತ್ತಾರೆ.

ಸಕಲೇಶಪುರದ ಜೀಪಿಗೆ ಬರುತ್ತೇನೆ. ಮಿಲಿಟರಿ ಆಕ್ಸಲ್ ಹುಡುಕಿ ಹಿಂದೆ ಹಾಕುವುದು ಒಂದು ದಾರಿ, ಸಿಕ್ಕಲಿಲ್ಲ. ಮುಂದಿನ ಆಕ್ಸಲ್‌ನ ಹೌಸಿಂಗು ಯುದ್ಧದ ಜೀಪಿಗೂ ನಾಗರಿಕ ಜೀಪಿಗೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಮೇಸ್ತ್ರಿ ಅದರೊಳಗೆ 43-8ರ ಕ್ರೌನ್-ಪಿನಿಯನ್ ಕೂರಿಸಿದರು. ಇವೆರಡನ್ನೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೊತೆ ಮಾಡಿರುತ್ತಾರೆ, ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ನು ಹೊಂದುವುದಿಲ್ಲ. ಹಾಗಾಗಿ ಜೊತೆಯಾಗಿಯೇ ಹೊಸದು ಹೋಯಿತು, ಜೊತೆಯಾಗಿಯೇ ಹಳೆಯದು ಹೊರಬಂತು. ಸಂಜೆ ಕಣದ ಮೇಲೆ ಫೋರ್ ವೀಲ್‌ನಲ್ಲಿ ನೇರವಾಗಿ ಓಡಿಸಿದೆವು. ಟೈರು ಕಿರುಚಲಿಲ್ಲ, ಲಿವರ್ ಬೆಣ್ಣೆಯಲ್ಲಿ ಎಳೆದಂತೆ ಬಂತು.

ಹೊರಬಂದ 39 ಹಲ್ಲಿನ ಕ್ರೌನನ್ನೂ 8 ಹಲ್ಲಿನ ಪಿನಿಯನ್ನನ್ನೂ ಮನೆಯವರು ಎಣ್ಣೆಬಟ್ಟೆಯಲ್ಲಿ ಸುತ್ತಿ, ಯಾವ ಗಾಡಿಯದು, ಯಾವ ಆಕ್ಸಲ್‌ನದು, ಎಷ್ಟು ಹಲ್ಲು ಎಂದು ಚೀಟಿ ಬರೆದು ಕಟ್ಟಿಟ್ಟಿದ್ದಾರೆ. ನಿಮ್ಮ ತೋಟದ ಶೆಡ್ಡಿನಲ್ಲೋ ಗ್ಯಾರೇಜಿನ ಮೂಲೆಯಲ್ಲೋ ಅಂಥದೊಂದು ಆಕ್ಸಲ್ ಬಿದ್ದಿದ್ದರೆ ಗುಜರಿಯವನ ತಕ್ಕಡಿಗೆ ಹಾಕುವ ಮೊದಲು ಮಣ್ಣು ಕೆರೆಯಿರಿ, ಹಲ್ಲು ಎಣಿಸಿ, ಒಂದು ಚೀಟಿ ಕಟ್ಟಿಡಿ.